ಎಡವಟ್ಟನ ದನಿ

ಹನ್ನೊಂದು ವರ್ಷ, ವಾರಕ್ಕೆ ಅರ್ಧ ಗಂಟೆ, ನಾನು ಹದಿನಾಲ್ಕು ವರ್ಷದ ಹುಡುಗನಾಗಿದ್ದೆ. ಗುರುವಾರ ಸಂಜೆ ಆರೂವರೆಯಿಂದ ಏಳರವರೆಗೆ. ಆ ಅರ್ಧ ಗಂಟೆಗಳಲ್ಲಿ ನಾನು ಏಣಿಯಿಂದ ಬಿದ್ದಿದ್ದೇನೆ, ಪಕ್ಕದ ಮನೆಯ ಬೇಲಿಗೆ ಸೈಕಲ್ಲು ನುಗ್ಗಿಸಿದ್ದೇನೆ, ಅಪ್ಪ ಆಫೀಸಿಗೆ ಒಯ್ಯಬೇಕಿದ್ದ ನಕ್ಷೆಯನ್ನು ಗಾಳಿಪಟ ಮಾಡಿ ಹಾರಿಸಿದ್ದೇನೆ, ಬೀದಿಯವರಿಗೆಲ್ಲ ಉಪಕಾರ ಮಾಡಲು ಹೋಗಿ ಬೀದಿಯ ನಲ್ಲಿಯನ್ನೇ ಕಿತ್ತಿದ್ದೇನೆ. ವಾರದ ಉಳಿದ ಹೊತ್ತಿನಲ್ಲಿ ಮಾತ್ರ ಒಂದು ಚಮಚವನ್ನೂ ಕೈಜಾರಿ ಬೀಳಿಸಿದವಳಲ್ಲ.

ನಾಟಕದ ಹೆಸರು ‘ಎಡವಟ್ಟನ ಮನೆ’. ರೇಡಿಯೊದಲ್ಲಿ ನೇರ ಪ್ರಸಾರ. ಪ್ರತಿ ವಾರ ಒಂದೇ ರೀತಿ ಶುರುವಾಗುತ್ತಿತ್ತು. ಮೊದಲು ಮೂರು ಸೆಕೆಂಡು ನಿಶ್ಶಬ್ದ. ಆಮೇಲೆ ಹುಡುಗನ ದನಿ: “ನಾನೇನೂ ಮಾಡಿಲ್ಲ!” ಅದಾದ ಮೇಲೆ ಏನೋ ದೊಡ್ಡದಾಗಿ ಬಿದ್ದು ಒಡೆಯುವ ಸದ್ದು. ತಪ್ಪು ಆಗುವ ಮೊದಲೇ ಇಲ್ಲವೆನ್ನುವ ಆ ಹುಡುಗನನ್ನು ಊರಿಗೆ ಊರೇ ಮುದ್ದು ಮಾಡುತ್ತಿತ್ತು. ಕೊನೆಗೆ ಪಾತ್ರಧಾರಿಗಳ ಹೆಸರು ಓದುವಾಗ ಅಪ್ಪನ ಪಾತ್ರದವರ ಹೆಸರು, ಅಮ್ಮನ ಪಾತ್ರದವರ ಹೆಸರು ಬರುತ್ತಿತ್ತು. ಕೊನೆಯಲ್ಲಿ, “ಎಡವಟ್ಟನ ಪಾತ್ರದಲ್ಲಿ ಎಡವಟ್ಟ.” ಒಪ್ಪಂದದಲ್ಲೇ ಹಾಗೆ ಬರೆದಿತ್ತು. ಹುಡುಗನ ದನಿ ಒಬ್ಬ ಹೆಂಗಸಿನದು ಎಂದು ನಿಲಯದ ಹೊರಗೆ ಯಾರಿಗೂ ಗೊತ್ತಾಗಕೂಡದು.

ನಾನು ಅಲ್ಲಿ ಸೇರಿದ್ದು ಟೈಪಿಸ್ಟಾಗಿ. ನಾಟಕದ ಪ್ರತಿಗಳನ್ನು ಸರಭರ ಎನ್ನದ ಮೆತ್ತನೆಯ ಕಾಗದದ ಮೇಲೆ ಟೈಪು ಮಾಡುವುದು ನನ್ನ ಕೆಲಸ. ಮೊದಲ ವಾರ ಎಡವಟ್ಟನಾಗಬೇಕಿದ್ದ ಹುಡುಗನಿಗೆ ಮೈಮೇಲೆ ದಡಾರ ಎದ್ದಿತು. ತಾಲೀಮಿಗೆ ಯಾರಾದರೂ ಅವನ ಮಾತು ಓದಬೇಕಿತ್ತು, ಟೈಪು ಮಾಡಿದವಳಿಗೆ ಮಾತು ಬಾಯಿಪಾಠ ಇರುತ್ತದಲ್ಲ ಎಂದು ನನ್ನನ್ನು ನಿಲ್ಲಿಸಿದರು. ನಾನು ಚಪ್ಪಲಿ ಕಳಚಿ, ಹಿಮ್ಮಡಿ ಎತ್ತಿ ತುದಿಗಾಲ ಮೇಲೆ ನಿಂತೆ. ಗದ್ದ ಮೇಲೆ ಮಾಡಿದೆ. ಬಾಯಿಂದ ಬಂದ ದನಿ ಕೇಳಿ ನನಗೇ ಗಾಬರಿಯಾಯಿತು. ಅವನು ಎಲ್ಲಿದ್ದನೋ, ಎಷ್ಟು ವರ್ಷದಿಂದ ಕಾಯುತ್ತಿದ್ದನೋ!

ಐದು ಮಕ್ಕಳಲ್ಲಿ ಹಿರಿಯಳಾಗಿ ಬೆಳೆದವಳು ನಾನು. ಹಾಲಿನ ಪಾತ್ರೆ ನನ್ನ ಕೈಯಲ್ಲಿ, ತಮ್ಮಂದಿರ ಕೈ ನನ್ನ ಇನ್ನೊಂದು ಕೈಯಲ್ಲಿ. ಚೆಲ್ಲುವುದು, ಬೀಳುವುದು, ಮರೆಯುವುದು ಎಲ್ಲ ಚಿಕ್ಕವರ ಪಾಲು. ಇಪ್ಪತ್ತೆರಡಕ್ಕೆ ಮದುವೆಯಾಗಿ ಬಂದದ್ದು ಇನ್ನೂ ಬಿಗಿಯಾದ ಮನೆಗೆ. ಅತ್ತೆ ಮೂವತ್ತು ವರ್ಷ ಪಿಂಗಾಣಿ ಅಂಗಡಿಯಲ್ಲಿ ಕೆಲಸ ಮಾಡಿದವರು. ಹುಲ್ಲಿನಲ್ಲಿ ಸುತ್ತಿ ಬಂದ ತಟ್ಟೆಗಳನ್ನು ಬಿಚ್ಚಿ, ಒಂದೊಂದನ್ನೂ ಬೆರಳ ಗೆಣ್ಣಿನಿಂದ ತಟ್ಟಿ, ಸದ್ದು ಕೇಳಿಯೇ ಯಾವುದರಲ್ಲಿ ಬಿರುಕಿದೆ ಎಂದು ಹೇಳುವುದು ಅವರ ಕೆಲಸವಾಗಿತ್ತು. ಮೂವತ್ತು ವರ್ಷದಲ್ಲಿ ಅವರ ಕೈಯಲ್ಲಿ ಒಂದೂ ಒಡೆದಿರಲಿಲ್ಲ. ನಮ್ಮ ಅಡುಗೆಮನೆಯಲ್ಲಿ ಕಪ್ಪುಗಳೆಲ್ಲ ಒಂದೇ ಕಡೆಗೆ ಹಿಡಿ ತಿರುಗಿಸಿಕೊಂಡು ಕೂತಿರುತ್ತಿದ್ದವು. ನಾನು ತಟ್ಟೆ ಇಡುವಾಗ ಸ್ವಲ್ಪ ಸದ್ದಾದರೂ ಒಳಗಿನಿಂದ ಕೇಳುತ್ತಿತ್ತು, “ಏನದು?”

“ಏನಿಲ್ಲ ಅತ್ತೆ.”

“ಏನಿಲ್ಲದೆ ಸದ್ದು ಬರುತ್ತಾ?”

ಇದೇ ಅತ್ತೆ ಗುರುವಾರ ಸಂಜೆ ರೇಡಿಯೊಗೆ ಕಿವಿ ಹಚ್ಚಿ ಕೂತು, ಎಡವಟ್ಟ ಇಡೀ ಕಪಾಟನ್ನೇ ಕೆಡವಿದಾಗ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದರು. ಇದನ್ನು ನನಗೆ ಹೇಳಿದ್ದು ಕನ್ನಡಕದ ಅಂಗಡಿಯಿಂದ ಬೇಗ ಮನೆಗೆ ಬರುತ್ತಿದ್ದ ನನ್ನ ಗಂಡ. ಅವರಿಗೆ ಗುಟ್ಟು ಗೊತ್ತಿತ್ತು. ಅಮ್ಮನ ಪಕ್ಕದಲ್ಲಿ ಪತ್ರಿಕೆಯನ್ನು ಅಡ್ಡ ಹಿಡಿದು, ನಗು ತಡೆಯಲಾಗದೆ ಕೆಮ್ಮಿ ಕೆಮ್ಮಿ ಸುಸ್ತಾಗುತ್ತಿದ್ದರು. ಅತ್ತೆಯ ಮಟ್ಟಿಗೆ ನಾನು ಗುರುವಾರ ನಿಲಯದಲ್ಲಿ ಹೆಚ್ಚುವರಿ ಟೈಪಿಂಗ್ ಮಾಡುತ್ತಿದ್ದೆ.

ಶುಕ್ರವಾರ ಬೆಳಿಗ್ಗೆ ಅತ್ತೆ ನನಗೇ ಕಥೆ ಹೇಳುತ್ತಿದ್ದರು. “ನಿನ್ನೆ ನಮ್ಮ ಹುಡುಗ ಏನು ಮಾಡ್ದ ಗೊತ್ತಾ? ನಿನಗೆಲ್ಲಿ ಗೊತ್ತು, ನೀನು ಕುಟ್ಟುತ್ತಾ ಕೂತಿರ್ತೀಯ.” ಒಮ್ಮೆ ಮೂಗು ಮುರಿದು, “ನಿನ್ನೆ ಬಿದ್ದದ್ದು ಆರಿಂಚಿನ ತಟ್ಟೆ. ಅದೂ ಮೊದಲೇ ಬಿರುಕು ಬಿಟ್ಟದ್ದು. ಪಾಪ, ಹುಡುಗನ ಮೇಲೆ ಸುಮ್ಮನೆ ಅಪವಾದ,” ಎಂದರು. ನಾನು ಅದನ್ನು ನಮ್ಮ ಸದ್ದಿನಣ್ಣನಿಗೆ ಹೇಳಿದೆ. ನಾಟಕದ ಸದ್ದುಗಳೆಲ್ಲ ಅವನವೇ, ಎರಡು ಪೆಟ್ಟಿಗೆ ತುಂಬ ಹಳೆಯ ಪಾತ್ರೆ, ಚಕ್ರದ ಮೇಲೆ ಓಡಾಡುವ ಒಂದು ಪುಟ್ಟ ಬಾಗಿಲು, ಮರಳಿನ ತಟ್ಟೆ. ಬಿರುಕು ಬಿಟ್ಟ ಪಿಂಗಾಣಿಯನ್ನೇ ಒಡೆಯುತ್ತಿದ್ದುದು ನಿಜ, ಯಾರಿಗೂ ತಿಳಿಯದೆಂದು ಅವನು ನಂಬಿದ್ದ. ಅವಮಾನದಿಂದ ಕೆಂಪಾಗಿ, ಮುಂದಿನ ವಾರ ಹೊಸ ತಟ್ಟೆಗಳನ್ನೇ ತಂದು ಒಡೆದ. ಶುಕ್ರವಾರ ಅತ್ತೆ ಕಪ್ಪಿನಿಂದ ಮುಖವೆತ್ತಿ, “ಈಗ ಸರಿಯಾಯ್ತು ನೋಡು,” ಎಂದರು.

ಇವೆಲ್ಲ ನನಗೆ ಒಳಗೊಳಗೇ ಎಷ್ಟು ಹೆಮ್ಮೆ ಕೊಡುತ್ತಿತ್ತೆಂದರೆ, ಬಸ್ಸಿನಲ್ಲಿ ಯಾರಾದರೂ “ನಾನೇನೂ ಮಾಡಿಲ್ಲ” ಎಂದು ಅಣಕಿಸಿ ನಕ್ಕರೆ ನಾನು ಕಿಟಕಿಯತ್ತ ತಿರುಗಿ ತುಟಿ ಬಿಗಿಹಿಡಿಯಬೇಕಾಗುತ್ತಿತ್ತು. ಬೇರೆ ಊರಿನಲ್ಲಿ ಓದುತ್ತಿದ್ದ ಮಗಳು ನನ್ನಂತೆಯೇ, ಪುಸ್ತಕದ ಅಂಚು ಮಡಿಸದವಳು, ಮಸಿ ಚೆಲ್ಲದವಳು. ಅವಳನ್ನು ಎಲ್ಲರೂ ಹೊಗಳುವಾಗ ನನಗೆ ಸಂತೋಷದ ಜೊತೆ ಒಂದು ಸಣ್ಣ ಸಂಕಟ. ಎಡವಟ್ಟನ ವಿಷಯದಲ್ಲಿ ಸಂಕಟವಿರಲಿಲ್ಲ. ಅವನು ಬಿದ್ದ, ಒಡೆದ, ಬೈಸಿಕೊಂಡ. ಏಳು ಗಂಟೆಯೊಳಗೆ ಎಲ್ಲರೂ ಅವನನ್ನು ಕ್ಷಮಿಸಿದರು. ಹನ್ನೊಂದು ವರ್ಷ, ಪ್ರತಿ ವಾರ ಕ್ಷಮೆ! ಅದು ನನಗೆ ಬೇರೆಲ್ಲೂ ಸಿಕ್ಕಿರಲಿಲ್ಲ. ಬೇರೆಲ್ಲೂ ನಾನು ಅದಕ್ಕೆ ಅವಕಾಶವನ್ನೇ ಕೊಟ್ಟಿರಲಿಲ್ಲ.

ನಲವತ್ತಾರನೆಯ ವಯಸ್ಸಿನಲ್ಲಿ ದನಿ ಕೈಕೊಡತೊಡಗಿತು. ಮೈಯಲ್ಲಿ ಇದ್ದಕ್ಕಿದ್ದಂತೆ ಬಿಸಿ ಏರುತ್ತಿತ್ತು, ನಿದ್ದೆ ಹಗುರವಾಗಿತ್ತು, ಇವೆಲ್ಲದರ ಜೊತೆ ಗಂಟಲೂ ಬೇರೆಯವರದಾಗುತ್ತಿತ್ತು. ಒಂದು ಗುರುವಾರ “ನಾನೇನೂ ಮಾಡಿಲ್ಲ” ಎನ್ನುವಾಗ ಕೊನೆಯ ಅಕ್ಷರ ಹಳೆಯ ಬಾಗಿಲಿನಂತೆ ಕಿರುಗುಟ್ಟಿತು. ಸದ್ದಿನಣ್ಣ ಅದರ ಮೇಲೇ ಒಂದು ಬಕೆಟ್ಟು ಉರುಳಿಸಿ ಮುಚ್ಚಿದ. ಎರಡು ವಾರದ ನಂತರ ಮತ್ತೆ ಹಾಗಾಯಿತು. ಆ ಸಲ ಮುಚ್ಚಲು ಬಕೆಟ್ಟು ಇರಲಿಲ್ಲ.

ಪ್ರಸಾರ ಮುಗಿದ ಮೇಲೆ ನಿರ್ದೇಶಕ ನನ್ನನ್ನು ಕಾರಿಡಾರಿಗೆ ಕರೆದ. ನನಗಿಂತ ಹತ್ತು ವರ್ಷ ಚಿಕ್ಕವನು. ಕೆಟ್ಟ ಸುದ್ದಿ ಹೇಳುವಾಗ ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡುವುದು ಅವನ ಅಭ್ಯಾಸ. ಆವತ್ತು ಮುಚ್ಚಳಕ್ಕೆ ಬಿಡುವೇ ಇರಲಿಲ್ಲ.

“ಅಕ್ಕಾ, ತಪ್ಪು ತಿಳ್ಕೋಬೇಡಿ. ಮೇಲಿನವರು ಒಬ್ಬ ಹುಡುಗನ ದನಿ ಕೇಳಿ ಇಟ್ಕೊಂಡಿದ್ದಾರೆ. ಹದಿಮೂರು ವರ್ಷ. ಗಂಟೆ ಹೊಡೆದ ಹಾಗಿದೆ.”

“ಯಾವಾಗಿಂದ?”

“ಮುಂದಿನ ಗುರುವಾರ ನೀವೇ ಮಾಡಿ. ಸರಿಯಾಗಿ ಬಂದ್ರೆ ಈ ಮಾತೇ ಇಲ್ಲ. ಇನ್ನೊಂದು ಸಲ ಒಡೀತು ಅಂದ್ರೆ, ಅದರ ಮುಂದಿನ ವಾರದಿಂದ ಅವನು.” ಮುಚ್ಚಳ ಕೈಜಾರಿ ಬಿತ್ತು. ಇಬ್ಬರೂ ಅದನ್ನು ನೋಡುತ್ತ ನಿಂತೆವು. “ನಿಮ್ಮ ಟೈಪಿಂಗ್ ಕೆಲಸಕ್ಕೇನೂ ತೊಂದರೆ ಇಲ್ಲ,” ಎಂದು ಸೇರಿಸಿದ. ಪಾಪ, ಸಮಾಧಾನ ಮಾಡುತ್ತಿದ್ದೇನೆಂದೇ ಅವನು ತಿಳಿದಿದ್ದ.

ಆ ವಾರ ನಾನು ದನಿಯನ್ನು ಹೊಸ ಸೀರೆಯಂತೆ ಮಡಿಸಿ ಎತ್ತಿಟ್ಟೆ. ಬಿಸಿನೀರು, ಜೇನುತುಪ್ಪ, ಕುತ್ತಿಗೆಗೆ ಉಣ್ಣೆಯ ಬಟ್ಟೆ. ಬೇಕಾದಷ್ಟಕ್ಕೆ ಮಾತ್ರ ಬಾಯಿ ತೆರೆಯುತ್ತಿದ್ದೆ. ಅತ್ತೆಗೆ ಮೊದಲ ದಿನ ಅನುಮಾನ, ಎರಡನೇ ದಿನ ಕೋಪ.

“ಏನಾಯ್ತೇ ನಿನಗೆ? ಮಾತಿಗೂ ರೇಷನ್ನಾ ಈ ಮನೇಲಿ?”

ನಾನು ಗಂಟಲು ತೋರಿಸಿದೆ.

“ಗಂಟಲು ನೋವಿಗೆ ಮುಖ ಯಾಕೆ ಹಾಗಿದೆ? ಏನೋ ಕಳಕೊಂಡವರ ಹಾಗೆ!”

ನಾನು ತಲೆಯಾಡಿಸಿದೆ. ಅತ್ತೆ ಮಗನನ್ನು ಕರೆದು, “ನೀನೇನಾದ್ರೂ ಅಂದ್ಯೇನೋ ಅವಳಿಗೆ?” ಎಂದು ತರಾಟೆಗೆ ತೆಗೆದುಕೊಂಡರು. ನನ್ನ ಗಂಡ ಕನ್ನಡಕ ಒರೆಸುತ್ತ ನನ್ನ ಕಡೆ ನೋಡಿದರು. ನಾನು ಏನೂ ಹೇಳಬೇಡಿ ಎಂದು ಸನ್ನೆ ಮಾಡಿದೆ.

ಆ ಗುರುವಾರ ಸ್ಟುಡಿಯೊ ಎಂದಿನಂತೆಯೇ ಇತ್ತು. ನೆಲದ ಮೇಲೆ ದಪ್ಪ ಕಂಬಳಿ, ಓದಿ ಮುಗಿದ ಹಾಳೆಯನ್ನು ಮಗುಚದೆ ಅದರ ಮೇಲೆ ಹಾಗೇ ಜಾರಿಸಿಬಿಡಬೇಕು. ಗಾಜಿನ ಆಚೆ ನಿರ್ದೇಶಕ. ಅವನ ಪಕ್ಕದಲ್ಲಿ ನಾನು ನೋಡಿರದ ಇಬ್ಬರು, ಕೈಕಟ್ಟಿ ಕೂತಿದ್ದರು. ಮೇಲಿನವರು ಎಂದರೆ ಇವರೇ ಇರಬೇಕು ಎಂದುಕೊಂಡೆ. ನನ್ನೆದುರು, ಅದೇ ಮೈಕಿನ ಆ ಕಡೆ, ನಾಟಕದ ಅಪ್ಪ. ಅವರು ನನಗಿಂತ ನಾಲ್ಕು ವರ್ಷ ಚಿಕ್ಕವರು. ಹಗಲು ಮನೆಮನೆಗೆ ಹೋಗಿ ನೀರಿನ ಮೀಟರು ಓದುವ ಕೆಲಸ. ಮೀಟರಿನಲ್ಲಿರುವುದನ್ನು ಇರುವ ಹಾಗೇ ಬರೆದುಕೊಳ್ಳುವ ಅಭ್ಯಾಸ ಮೈಕಿನ ಮುಂದೆಯೂ ಹೋಗಿರಲಿಲ್ಲ. ಹನ್ನೊಂದು ವರ್ಷದಲ್ಲಿ ಬರೆದದ್ದಕ್ಕಿಂತ ಒಂದು ‘ಆಂ’ ಸಹ ಹೆಚ್ಚು ಆಡಿದವರಲ್ಲ. ಒಮ್ಮೆ ನನ್ನ ಟೈಪಿಂಗಿನಲ್ಲಿ ಒಂದು ಸಾಲು ಎರಡು ಸಲ ಬಿದ್ದಾಗ ಎರಡು ಸಲವೂ ಓದಿದ್ದರು.

“ಏನು ಮಗನೇ, ರೆಡಿನಾ?” ಎಂದರು. ಪ್ರಸಾರವಿಲ್ಲದಾಗಲೂ ನನ್ನನ್ನು ಮಗನೇ ಎನ್ನುವುದು.

ನಾನು ಚಪ್ಪಲಿ ಕಳಚಿದೆ. ಕೆಂಪು ದೀಪ ಹತ್ತಿತು. ಮೂರು ಸೆಕೆಂಡು.

“ನಾನೇನೂ ಮಾಡಿಲ್ಲ!”

ಗಾಜಿನಷ್ಟು ಸ್ವಚ್ಛವಾಗಿ ಬಂತು. ಸದ್ದಿನಣ್ಣ ಸಂಭ್ರಮದಲ್ಲಿ ಎರಡು ತಟ್ಟೆ ಹೆಚ್ಚಿಗೆ ಒಡೆದ. ಒಂದು ಪುಟ ಜಾರಿತು, ಎರಡು ಜಾರಿತು, ನಾಲ್ಕು. ಆ ವಾರದ ಕಥೆಯಲ್ಲಿ ಅಪ್ಪ ಹೊಸದಾಗಿ ತಂದ ಆಳೆತ್ತರದ ಕನ್ನಡಿಯನ್ನು ಗೋಡೆಗೆ ತೂಗುಹಾಕಬೇಕು, ಎಡವಟ್ಟ ಕುರ್ಚಿಯ ಮೇಲೆ ನಿಂತು ಕನ್ನಡಿ ಹಿಡಿಯಬೇಕು. ಆರನೇ ಪುಟದಲ್ಲಿ ಅವನು ಕೂಗುತ್ತಾನೆ.

“ಅಪ್ಪಾ, ಗಟ್ಟಿಯಾಗಿ ಹಿಡ್ಕೊಂಡಿದ್ದೀ—”

ಅಲ್ಲಿ ಒಡೆಯಿತು. ಕಿರುಗುಟ್ಟಿದ್ದಲ್ಲ, ಬಿರುಕಲ್ಲ, ನಡುವೆ ಸೀಳಿ ಎರಡು ತುಂಡು. ಮೇಲಿನ ತುಂಡು ಹುಡುಗನದು. ಕೆಳಗಿನ ತುಂಡು ದಪ್ಪಗೆ, ಒರಟಾಗಿ ಸ್ಟುಡಿಯೊದ ನೆಲಕ್ಕೆ ಬಿದ್ದಂತೆ ನನಗೆ ಕೇಳಿಸಿತು. ಗಾಜಿನ ಆಚೆ ನಿರ್ದೇಶಕ ಕಣ್ಣು ಮುಚ್ಚಿದ. ಇಬ್ಬರು ಅಪರಿಚಿತರಲ್ಲಿ ಒಬ್ಬ ಇನ್ನೊಬ್ಬನ ಕಿವಿಗೆ ಬಾಗಿದ.

ರೇಡಿಯೊದಲ್ಲಿ ಒಂದು ಸೆಕೆಂಡಿನ ಮೌನವೆಂದರೆ ಬಾವಿ. ನಾನು ಅದರೊಳಗೆ ನಿಂತಿದ್ದೆ. ನಾನಾಗಿದ್ದರೆ ಏನು ಮಾಡುತ್ತಿದ್ದೆನೆಂದು ನನಗೆ ಚೆನ್ನಾಗಿ ಗೊತ್ತು. ಗಂಟಲು ಸರಿಮಾಡಿಕೊಂಡು, ಏನೂ ಆಗಿಲ್ಲವೆಂಬಂತೆ ಮುಂದಿನ ಸಾಲು ಓದಿ, ಮುಗಿಸಿ, ಹಾಳೆಗಳನ್ನು ಜೋಡಿಸಿಟ್ಟು ಮನೆಗೆ ಹೋಗುತ್ತಿದ್ದೆ. ಆದರೆ ಕುರ್ಚಿಯ ಮೇಲೆ ನಿಂತಿದ್ದವನು ಅವನು. ಅವನಿಗೆ ತನ್ನ ತಪ್ಪು ಯಾವತ್ತಾದರೂ ತನ್ನದೆನಿಸಿದೆಯೇ?

“ಅಪ್ಪಾ,” ಎಂದ ಎಡವಟ್ಟ, ಪಿಸುದನಿಯಲ್ಲಿ. “ಯಾರದು ಈಗ ಮಾತಾಡಿದ್ದು?”

ಈ ಸಾಲು ಹಾಳೆಯಲ್ಲಿರಲಿಲ್ಲ. ಮೀಟರು ಓದುವವರು ಹಾಳೆ ನೋಡಿದರು. ನನ್ನನ್ನು ನೋಡಿದರು. ಮತ್ತೆ ಹಾಳೆ ನೋಡಿದರು. ಅವರ ಹಣೆಯ ಮೇಲೆ ಬೆವರು ಮೂಡಿದ್ದು ನನಗೆ ಕಾಣುತ್ತಿತ್ತು. ಆಮೇಲೆ ಅವರು ಕೈಯಲ್ಲಿದ್ದ ಅಷ್ಟೂ ಪುಟಗಳನ್ನು ಒಟ್ಟಿಗೇ ಕಂಬಳಿಯ ಮೇಲೆ ಬಿಟ್ಟರು.

“ನೀನೇ ಕಣೋ,” ಎಂದರು.

“ನಾನಾ? ಆ ಗಡಸು ಗಂಟಲು ನಂದಾ?” ನಾನು ತಡೆಯಲಿಲ್ಲ, ಬೇಕೆಂದೇ ಬಿಟ್ಟೆ. ದನಿ ಮೇಲಕ್ಕೆ ಹಾರಿ ಕೆಳಕ್ಕೆ ಉರುಳಿತು. “ನಾನೇನೂ ಮಾಡಿಲ್ಲ!”

“ಮಾಡಿದ್ದೀಯ. ಬೆಳೆದಿದ್ದೀಯ.”

ಅವರು ಅದನ್ನು ಹೇಳಿದ ರೀತಿ! ಹನ್ನೊಂದು ವರ್ಷ ಬರೆದದ್ದನ್ನೇ ಓದಿದ ಮನುಷ್ಯನ ಮೊದಲ ಸ್ವಂತ ಮಾತು. ಇನ್ನೊಂದು ಮೈಕಿನ ಮುಂದಿದ್ದ ನಾಟಕದ ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ಕನ್ನಡಿ ಬೀಳಿಸಲು ಗಾಜು ಎತ್ತಿ ಹಿಡಿದಿದ್ದ ಸದ್ದಿನಣ್ಣ ಹಾಗೇ ಕಲ್ಲಾಗಿ ನಿಂತಿದ್ದ. ಬೀಳಿಸಲೋ ಬೇಡವೋ ಎಂದು ಹುಬ್ಬಿನಲ್ಲೇ ಕೇಳಿದ. ನಾನು ತಡಿ ಎಂದು ಬೆರಳೆತ್ತಿದೆ.

“ಅಪ್ಪಾ, ಕನ್ನಡೀಲಿ ನೋಡ್ತಿದ್ದೀನಿ. ಮೂಗಿನ ಕೆಳಗೆ ಏನೋ ಕಪ್ಪಗಿದೆ. ಮೀಸೆ ಬಂತು ಅಂತ ಕಾಣುತ್ತೆ!”

“ಎಲ್ಲಿ, ಒರೆಸು ನೋಡೋಣ.”

“ಒರೆಸ್ದೆ.”

“ಇದೆಯಾ?”

“ಹೋಯ್ತು.”

ಈಗ ಬೆರಳು ಇಳಿಸಿದೆ. ಕನ್ನಡಿ ಬಿತ್ತು. ನನ್ನ ಜೀವಮಾನದಲ್ಲಿ ಅಷ್ಟು ಚೆನ್ನಾಗಿ ಒಡೆದ ಗಾಜಿನ ಸದ್ದನ್ನು ನಾನು ಕೇಳಿಲ್ಲ.

ಕಥೆಯ ಉಳಿದ ಭಾಗ ಮುಗಿದು ಏಳಕ್ಕೆ ದೀಪ ಆರಿತು. ಮೊದಲು ಮಾತಾಡಿದವರು ಮೀಟರು ಓದುವವರೇ. “ತಪ್ಪಾಯ್ತೇನೋ. ನಾನು ಬರೆದದ್ದು ಬಿಟ್ಟು ಆಡಿಬಿಟ್ಟೆ,” ಎನ್ನುತ್ತ ಮಂಡಿಯೂರಿ ಪುಟಗಳನ್ನು ಹುಡುಕತೊಡಗಿದರು. ಸದ್ದಿನಣ್ಣ ಅವರನ್ನು ಎತ್ತಿ ನಿಲ್ಲಿಸಿ ಬೆನ್ನಿಗೆ ಗುದ್ದಿದ. ನಿರ್ದೇಶಕ ಒಳಗೆ ಬಂದ. ಹೊರಗಡೆ ಟೆಲಿಫೋನು ಒಂದೇ ಸಮನೆ ಬಡಿದುಕೊಳ್ಳುತ್ತಿತ್ತು.

“ಅಕ್ಕಾ,” ಎಂದ. “ಅವರಿಬ್ಬರೂ ನಗ್ತಿದ್ದಾರೆ. ಒಬ್ಬರಿಗೆ ಹುಡುಗನ ಮುಂದಿನ ಕಥೆ ಬೇಕಂತೆ. ಕಾಲೇಜಿಗೆ ಸೇರ್ತಾನಾ, ಕೆಲಸಕ್ಕಾ ಅಂತ.” ಆಮೇಲೆ ಮೆಲ್ಲಗೆ, “ಆ ಹದಿಮೂರು ವರ್ಷದವನಿಗೆ ನಾನೇನು ಹೇಳ್ಲಿ?”

“ಅವನದ್ದು ಇನ್ನೊಂದೆರಡು ವರ್ಷಕ್ಕೆ ಒಡೆಯುತ್ತೆ. ಆಗ ಮತ್ತೊಬ್ಬನನ್ನ ಹುಡುಕಬೇಕು ನೀವು. ನನ್ನದು ಒಡೆದಾಯ್ತು. ಇನ್ನು ಯೋಚನೆ ಇಲ್ಲ.”

ಅಷ್ಟು ದೊಡ್ಡ ಮಾತನ್ನು ನಾನು ನಿಲಯದಲ್ಲಿ ಎಂದೂ ಆಡಿದವಳಲ್ಲ. ಆಡಿದ್ದು ಎಡವಟ್ಟನ ದನಿಯಲ್ಲಲ್ಲ, ನನ್ನ ದನಿಯಲ್ಲೇ. ಆ ಹೊತ್ತಿಗೆ ಅವೆರಡರ ನಡುವೆ ಅಂಥ ವ್ಯತ್ಯಾಸವೂ ಉಳಿದಿರಲಿಲ್ಲ.

ಮನೆಗೆ ಬಂದಾಗ ಅತ್ತೆ ಬಾಗಿಲಲ್ಲೇ ನಿಂತಿದ್ದರು. ಚಪ್ಪಲಿ ಬಿಡುವುದಕ್ಕೂ ಪುರುಸೊತ್ತು ಕೊಡಲಿಲ್ಲ. ಶುಕ್ರವಾರದವರೆಗೆ ಕಾಯುವ ಸ್ಥಿತಿಯಲ್ಲಿರಲಿಲ್ಲ ಅವರು.

“ಬಾರೇ ಬೇಗ. ಇವತ್ತು ಏನಾಯ್ತು ಗೊತ್ತಾ? ನಮ್ಮ ಹುಡುಗ ದೊಡ್ಡವನಾದ!” ಎಂದು ನನ್ನ ಕೈ ಹಿಡಿದು ಕುರ್ಚಿಗೆ ಕೂರಿಸಿ, ಇಡೀ ಕಥೆಯನ್ನು ಮೊದಲಿನಿಂದ ಹೇಳಿದರು. ದನಿ ಒಡೆದದ್ದನ್ನು ಅಭಿನಯಿಸಿಯೇ ತೋರಿಸಿದರು. ‘ಬೆಳೆದಿದ್ದೀಯ’ ಎನ್ನುವಲ್ಲಿ ನನ್ನ ಕೈಯನ್ನು ಇನ್ನೂ ಬಿಗಿಯಾಗಿ ಹಿಡಿದರು. “ಎಷ್ಟು ಸೊಗಸಾಗಿ ಮಾಡ್ದ ಅಂತೀಯಾ. ಹೆತ್ತವರು ಯಾರೋ, ಪುಣ್ಯವಂತರು.”

ಮೂಲೆಯಲ್ಲಿ ನನ್ನ ಗಂಡ ಪತ್ರಿಕೆಯನ್ನು ಕೆಳಗಿಳಿಸಿ ನನ್ನತ್ತ ನೋಡುತ್ತಿದ್ದರು. ಈ ಸಲ ಕೆಮ್ಮು ಬಂದಿರಲಿಲ್ಲ.

ಹನ್ನೊಂದು ವರ್ಷ ನಾನು ಈ ಹೆಮ್ಮೆಯನ್ನು ಬಾಯಲ್ಲಿಟ್ಟುಕೊಂಡೂ ಚೀಪದ ಪೆಪ್ಪರಮೆಂಟಿನಂತೆ ಕಾಪಾಡಿದ್ದೆ. ಒಪ್ಪಂದ, ನಿಯಮ, ಎಲ್ಲ ಸರಿ. ಆದರೆ ಆ ಸಂಜೆ, ಆ ಹೆಂಗಸಿನ ಕೈಯಲ್ಲಿ ನನ್ನ ಕೈ ಇರುವಾಗ, ಇನ್ನೂ ಬಾಯಿ ಮುಚ್ಚಿಕೊಂಡಿರುವುದು ದೊಡ್ಡ ಜಿಪುಣತನ ಎನಿಸಿತು.

“ಅತ್ತೆ, ಆ ಹುಡುಗ ನಾನು.”

“ಹೋಗೇ!”

“ನಿಜ.”

“ನೀನಾ? ಒಂದು ಲೋಟ ಜೋರಾಗಿ ಇಟ್ಟವಳಲ್ಲ!”

ನಾನು ಎದ್ದು, ಹಿಮ್ಮಡಿ ಎತ್ತಿ, ಗದ್ದ ಮೇಲೆ ಮಾಡಿ ಹೇಳಿದೆ. ಅದೇ ಎರಡು ಪದ. ಮಧ್ಯೆ ಒಡೆಯಿತು, ಒಡೆಯಲಿ ಎಂದು ಬಿಟ್ಟೆ.

ಅತ್ತೆ ಬಾಯಿ ತೆರೆದು ಕೂತರು. ರೇಡಿಯೊವನ್ನೊಮ್ಮೆ ನೋಡಿದರು, ಅದು ಆರಿತ್ತು. ಎದ್ದು ನನ್ನ ಸುತ್ತ ಒಂದು ಸುತ್ತು ಬಂದರು, ಅಂಗಡಿಯಲ್ಲಿ ಹೊಸ ಹೂಜಿ ಬಂದಾಗ ಹೀಗೇ ಸುತ್ತುತ್ತಿದ್ದರೋ ಏನೋ. ಬೆರಳ ಗೆಣ್ಣಿನಿಂದ ನನ್ನ ಭುಜವನ್ನು ಮೆಲ್ಲಗೆ ತಟ್ಟಿದರು.

“ಹಾಗಾದ್ರೆ ಆ ನಲ್ಲಿ ಕಿತ್ತದ್ದು?”

“ನಾನೇ ಅತ್ತೆ.”

“ಬ್ಯಾಂಡಿನವರ ಡ್ರಮ್ಮಿನೊಳಗೆ ಸಿಕ್ಕಿಹಾಕಿಕೊಂಡಿದ್ದು?”

“ನಾನೇ.”

“ಮೇಷ್ಟ್ರ ಟೊಪ್ಪಿಗೆಗೆ ಗೋಂದು?”

“ಅದು... ಅದೂ ನಾನೇ.”

“ಥೂ, ಆ ಮೇಷ್ಟ್ರು ಎಷ್ಟು ಒಳ್ಳೆಯವರಾಗಿದ್ರು!” ಎಂದು ಗದರಿದರು. ನಾನು ನಿಜವಾಗಿ ತಲೆ ತಗ್ಗಿಸಿದೆ. ಮರುಕ್ಷಣ ಅವರ ಮುಖ ಮೆತ್ತಗಾಯಿತು. “ಅಷ್ಟು ಸಲ ಬಿದ್ಯಲ್ಲ,” ಎಂದರು. “ನೋವಾಗ್ಲಿಲ್ವೇನೇ?”

ಇಪ್ಪತ್ನಾಲ್ಕು ವರ್ಷದಲ್ಲಿ ಅವರು ನನ್ನನ್ನು ಹೀಗೆ ಕೇಳಿದ್ದು ಇದೇ ಮೊದಲು.

“ಇಲ್ಲ ಅತ್ತೆ. ತುಂಬಾ ಚೆನ್ನಾಗಿತ್ತು.”

ಅವರು ಮಗನ ಕಡೆ ತಿರುಗಿದರು. “ನಿನಗೆ ಗೊತ್ತಿತ್ತೇನೋ?” ಪತ್ರಿಕೆ ಮತ್ತೆ ಮೇಲೇರಿತು. “ಗೊತ್ತಿತ್ತು, ಕಳ್ಳ!”

ಯಾರಿಗೂ ಹೇಳಬಾರದೆಂದು ನಾನು ಒಪ್ಪಂದದ ಮಾತು ವಿವರಿಸಿದೆ. “ನಾನ್ಯಾಕೆ ಹೇಳ್ಲಿ?” ಎಂದರು ಅತ್ತೆ. ನನ್ನ ಗಂಡ ಪತ್ರಿಕೆಯ ಹಿಂದೆ ನಿಟ್ಟುಸಿರು ಬಿಟ್ಟರು. ಅತ್ತೆಯ ಹೊಟ್ಟೆಯಲ್ಲಿ ಮಾತು ಒಂದು ಊಟದ ಹೊತ್ತೂ ನಿಂತದ್ದಿಲ್ಲ.

ಬೆಳಿಗ್ಗೆ ನಾನು ಕೆಲಸಕ್ಕೆ ಹೊರಡುವಾಗ ಪಕ್ಕದ ಮನೆಯಾಕೆ ಕಾಂಪೌಂಡಿನ ಆ ಕಡೆಯಿಂದ ಕೂಗಿದಳು. “ದೊಡ್ಡಮ್ಮಾ, ಕೇಳಿದ್ರಾ ನಿನ್ನೆ? ಎಡವಟ್ಟನಿಗೆ ಗಂಟಲು ಒಡೀತಂತೆ!”

ಅಂಗಳದಲ್ಲಿದ್ದ ಅತ್ತೆ ಸೊಂಟಕ್ಕೆ ಕೈಕೊಟ್ಟು ನಿಂತರು. ಅವರ ಬಾಯಿ ತೆರೆಯಿತು. ಒಳಗಿದ್ದ ನಾನು ಕಿಟಕಿಯ ಸರಳು ಹಿಡಿದುಕೊಂಡೆ. ಬಾಯಿ ಮುಚ್ಚಿತು. ಮತ್ತೆ ತೆರೆಯಿತು.

“ಒಡೀಲೇಬೇಕಲ್ಲ,” ಎಂದರು. “ಅವನನ್ನ ಬೆಳೆಸ್ತಿರೋದು ಎಂಥವರು ಅಂತ ನಿನಗೇನು ಗೊತ್ತು!”

“ಎಂಥವರು?”

ಅತ್ತೆಯ ಕುತ್ತಿಗೆಯ ನರ ಉಬ್ಬಿದ್ದು ಕಿಟಕಿಗೂ ಕಾಣುತ್ತಿತ್ತು.

“ಬಹಳ ದೊಡ್ಡವರು,” ಎಂದು ಹೇಳಿ, ರಪ್ಪನೆ ತಿರುಗಿ ಒಳಗೆ ಬಂದು, ಬಾಗಿಲು ಹಾಕಿ ಅದಕ್ಕೆ ಬೆನ್ನು ಕೊಟ್ಟು ನಿಂತರು. ಮುಖವೆಲ್ಲ ಕೆಂಪು. ಉಸಿರು ಮೇಲೆ ಕೆಳಗೆ.

“ಒಂದು ರಾತ್ರಿಗೇ ನನಗೆ ಹೊಟ್ಟೆ ಉಬ್ಬರಿಸ್ತಿದೆ ಕಣೆ. ನೀನು ಹನ್ನೊಂದು ವರ್ಷ ಹೇಗೆ ತಡ್ಕೊಂಡೆ?”

ಹೇಗೆ ತಡೆದುಕೊಂಡೆ ಎಂದು ನಾನೂ ಯೋಚಿಸಿದೆ. ಬಸ್ಸಿಗೆ ಹತ್ತು ನಿಮಿಷವಿತ್ತು. ಅತ್ತೆ ನನ್ನ ಹೆಗಲಿನ ಚೀಲ ತೆಗೆದು ಮೇಜಿನ ಮೇಲಿಟ್ಟರು, ಎರಡು ಕುರ್ಚಿ ಎದುರುಬದುರು ಎಳೆದರು.

“ಕೂತ್ಕೋ,” ಎಂದರು. “ಆ ದಡಾರದ ಹುಡುಗನಿಂದ ಶುರು ಮಾಡು. ಏನೂ ಬಿಡಬೇಡ.”

ದಡಾರದ ಸಂಗತಿ ಇವರಿಗೆ ಹೇಗೆ ತಿಳಿಯಿತು ಎಂದು ತಿರುಗಿ ನೋಡಿದೆ. ನನ್ನ ಗಂಡ ಆಗಲೇ ಛತ್ರಿ ಹಿಡಿದು ಹಿತ್ತಿಲ ಬಾಗಿಲಿನಿಂದ ಅಂಗಡಿಗೆ ಹೊರಟಾಗಿತ್ತು. ಆ ಶುಕ್ರವಾರ ನಾನು ಕೆಲಸಕ್ಕೆ ಹೋಗಲೇ ಇಲ್ಲ.